ಗಾಡಿ ಎಳೆಯುತ್ತಿಲ್ಲ ಎಂದ ಪುಟ್ಟನಿಗೆ

ಮಂಡ್ಯ

ಚಿರಂಜೀವಿ ಪುಟ್ಟನಿಗೆ ಸೋದರಮಾವನ ಆಶೀರ್ವಾದಗಳು.

ಭಾನುವಾರ ಚಾಮುಂಡಿ ಬೆಟ್ಟ ಹತ್ತುವಾಗ ಕಾರು ಎಳೆಯಲಿಲ್ಲ, ಎರಡನೇ ಗೇರಿಗೆ ಇಳಿಸಿದರೂ ಏದುಸಿರು ಬಿಟ್ಟಿತು ಎಂದು ನಿನ್ನ ಅಮ್ಮ ಫೋನಿನಲ್ಲಿ ಹೇಳಿದಳು. ಗ್ಯಾರೇಜಿನವರು ಟ್ಯಾಂಕಿನಿಂದ ಪೆಟ್ರೋಲ್ ತರುವ ಫ್ಯೂಯಲ್ ಪಂಪ್, ಅದನ್ನು ಇಂಜಿನ್ನಿಗೆ ಚಿಮ್ಮಿಸುವ ಇಂಜೆಕ್ಟರ್ ಎರಡೂ ಹೋಗಿವೆ, ಹದಿನೆಂಟು ಸಾವಿರ ಆಗುತ್ತದೆ ಎಂದರಂತೆ. ಈಗಲೇ ದುಡ್ಡು ಕೊಡಬೇಡ. ಅವರು ಸುಳ್ಳು ಹೇಳಿದರು ಎಂದು ನಾನು ಹೇಳುವುದಿಲ್ಲ. ಪಂಪಿನ ಒತ್ತಡವನ್ನು ಗೇಜ್ ಹಾಕಿ ನೋಡಿದಿರಾ, ಎಷ್ಟು ತೋರಿಸಿತು, ಈ ಇಂಜಿನ್ನಿಗೆ ಎಷ್ಟು ಇರಬೇಕಿತ್ತು ಎಂದು ವಿನಯದಿಂದಲೇ ಕೇಳು. ನೋಡಿದ್ದರೆ ಅಂಕಿ ಹೇಳುತ್ತಾರೆ. ಹೇಳದಿದ್ದರೆ ಕಾರನ್ನು ವಾಪಸ್ ತಂದುಬಿಡು.

ಇಷ್ಟು ಗಟ್ಟಿಯಾಗಿ ಹೇಳಲು ಕಾರಣವಿದೆ. ನಾನು ಗ್ಯಾರೇಜ್ ನಡೆಸುತ್ತಿದ್ದಾಗ ಆಲೆಮನೆಯ ಯಜಮಾನರೊಬ್ಬರು ಇದೇ ದೂರು ಹೊತ್ತು ಬಂದರು. ನಾನು ಏನನ್ನೂ ಅಳೆಯದೆ ಪಂಪ್ ಬದಲಿಸಿದೆ. ಬೆಲ್ಲ ಮಾರಿದ ದುಡ್ಡನ್ನು ಎಣಿಸಿ ಕೊಟ್ಟು ಹೋದವರು ಮೂರನೇ ದಿನ ಮತ್ತೆ ಬಂದರು. ಆಗ ಏರ್ ಫಿಲ್ಟರಿನ ಡಬ್ಬಿ ಬಿಚ್ಚಿದೆ. ಒಳಗೆ ಇಲಿಯ ಗೂಡು! ಕಬ್ಬಿನ ಒಣ ತರಗು, ಗೋಣಿಯ ನಾರು, ಭತ್ತದ ಹೊಟ್ಟು ಎಲ್ಲವನ್ನೂ ತುರುಕಿ ಗಾಳಿಯ ದಾರಿಯನ್ನೇ ಮುಚ್ಚಿತ್ತು. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಗಾಳಿಯೇ ಸಿಗದ ಇಂಜಿನ್ನಿಗೆ ನಾನು ಹೊಸ ಪಂಪ್ ಹಾಕಿದ್ದೆ. ಅವರ ದುಡ್ಡನ್ನು ಹಿಂದಿರುಗಿಸಿದೆ, ಆದರೆ ಆ ದಿನ ಅವರ ಮುಖ ನೋಡಲಾಗಲಿಲ್ಲ. ಅಂದಿನಿಂದ ಖರ್ಚಿಲ್ಲದ ಪರೀಕ್ಷೆ ಮುಗಿಯುವ ತನಕ ಒಂದು ಬೋಲ್ಟ್ ಕೂಡ ಬದಲಿಸಲಿಲ್ಲ.

ನೀನೂ ಹಾಗೆಯೇ ಮಾಡು. ಮೊದಲು ತಪ್ಪು ಇಂಜಿನ್ನಿನದೇ ಹೌದೇ ಎಂದು ನೋಡು. ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ ನಲವತ್ತರ ವೇಗದಲ್ಲಿರುವಾಗ ಆಕ್ಸಿಲರೇಟರನ್ನು ಒತ್ತು. ಆರ್‌ಪಿಎಂ ಮುಳ್ಳು ಸರ್ರನೆ ಏರಿ ವೇಗ ಮಾತ್ರ ಅಲ್ಲೇ ಉಳಿದರೆ ಕ್ಲಚ್ ಪ್ಲೇಟ್ ಸವೆದು ಜಾರುತ್ತಿದೆ. ಹತ್ತು ನಿಮಿಷ ಬ್ರೇಕನ್ನು ಆದಷ್ಟು ಕಡಿಮೆ ಬಳಸಿ ಓಡಿಸಿ ನಿಲ್ಲಿಸು. ನಾಲ್ಕೂ ಚಕ್ರಗಳ ಹತ್ತಿರ ಕೈ ಹಿಡಿದು ನೋಡು, ಮುಟ್ಟಬೇಡ. ಒಂದು ಮಾತ್ರ ಕಾವು ಹೊಡೆಯುತ್ತಿದ್ದರೆ ಆ ಚಕ್ರದ ಬ್ರೇಕ್ ಹಿಡಿದುಕೊಂಡಿದೆ.

ಇವೆರಡೂ ಅಲ್ಲವೆಂದಾದರೆ ಏರ್ ಫಿಲ್ಟರ್ ತೆಗೆದು ಬಿಸಿಲಿಗೆ ಹಿಡಿ. ಬೆಳಕು ಹಾಯದಿದ್ದರೆ ಹೊಸದು ಹಾಕು, ದೊಡ್ಡ ಖರ್ಚಲ್ಲ. ಅಲ್ಲಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಕೊಳವೆಯ ಮಡಿಕೆಗಳಲ್ಲಿ ಬಿರುಕು ಇದೆಯೇ ಎಂದು ಬೆರಳಾಡಿಸಿ ನೋಡು.

ಇನ್ನು ನನಗೆ ಹೆಚ್ಚು ಅನುಮಾನ ಇರುವ ಜಾಗಕ್ಕೆ ಬರುತ್ತೇನೆ. ಹತ್ತುವಾಗ ಕಾರು ಕುಲುಕಾಡಿತು, ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ಚಿತ್ರದ ಹಳದಿ ದೀಪ ಮಿಟುಕಿತು ಎಂದೂ ನಿನ್ನ ಅಮ್ಮ ಹೇಳಿದಳು. ಆ ದೀಪ ಮಿಟುಕದೆ ಒಂದೇ ಸಮ ಉರಿದರೆ ಮನೆ ತಲುಪಿ ಪರೀಕ್ಷಿಸಬಹುದು. ಮಿಟುಕಿದರೆ ಇಂಜಿನ್ನಿನ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ, ಅಂದರೆ ಇಂಜಿನ್ ಮಿಸ್ಸಿಂಗ್ ಹೊಡೆಯುತ್ತಿದೆ. ಉರಿಯದ ಪೆಟ್ರೋಲ್ ಸೈಲೆನ್ಸರಿನ ಕಡೆಗೆ ಹೋಗಿ ಹೊಗೆಯ ವಿಷ ಕಳೆಯುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಹೊತ್ತಿಕೊಂಡು ಅದನ್ನು ಕರಗಿಸಬಹುದು. ಆಮೇಲೆ ಹೊಗೆ ಹೊರಹೋಗಲು ದಾರಿಯಿಲ್ಲದೆ ಕಾರು ಇನ್ನಷ್ಟು ಸೋಲುತ್ತದೆ. ಮಿಸ್ಸಿಂಗ್ ಹೊಡೆಯುವ ಕಾರನ್ನು ಓಡಿಸಿಕೊಂಡೇ ಇದ್ದರೆ ಸಣ್ಣ ಖರ್ಚು ದೊಡ್ಡದಾಗುವುದು ಹೀಗೆ.

ಸ್ಟಿಯರಿಂಗ್ ಕೆಳಗಿನ ಕಿಂಡಿಗೆ ಸ್ಕ್ಯಾನರ್ ಹಾಕಿಸಿ ದೋಷ ತೋರಿಸುವ ಕೋಡ್ ಓದಿಸು. ಪಿ0301 ಎಂದು ಬಂದರೆ ಮೊದಲ ಸಿಲಿಂಡರಿನಲ್ಲಿ ಮಿಸ್ಸಿಂಗ್, ಪಿ0302 ಎಂದರೆ ಎರಡನೆಯದರಲ್ಲಿ. ನಿನ್ನ ಕಾರಿನಲ್ಲಿ ಕಿಡಿ ಹಾರಿಸುವ ಪ್ರತಿ ಪ್ಲಗ್ಗಿಗೂ ಅದಕ್ಕೆ ಕರೆಂಟ್ ಕೊಡುವ ಬೇರೆ ಕಾಯಿಲ್ ಇದೆ. ಇಂಜಿನ್ ಆರಿಸಿ ತಣ್ಣಗಾದ ಮೇಲೆ ಒಂದನೆಯ ಕಾಯಿಲನ್ನು ಎರಡನೆಯದರ ಜಾಗಕ್ಕೆ, ಎರಡನೆಯದನ್ನು ಒಂದನೆಯ ಜಾಗಕ್ಕೆ ಹಾಕಿ, ಕೋಡ್ ಅಳಿಸಿ, ಸ್ವಲ್ಪ ದೂರ ಓಡಿಸಿ ಮತ್ತೆ ಓದಿಸು. ಪಿ0301 ಇದ್ದದ್ದು ಪಿ0302 ಆದರೆ ತಪ್ಪು ಆ ಕಾಯಿಲಿನದೇ. ಒಂದೇ ಕಾಯಿಲ್ ಕೊಂಡರೆ ಸಾಕು. ಕೋಡ್ ಇದ್ದಲ್ಲೇ ಇದ್ದರೆ ಪ್ಲಗ್‌ಗಳನ್ನೂ ಹೀಗೆಯೇ ಅದಲುಬದಲು ಮಾಡಿ ನೋಡು. ಆಮೇಲೆ ಇಂಜೆಕ್ಟರ್. ಪಂಪಿನ ಒತ್ತಡ ನೋಡುವುದು ಅದರ ನಂತರ, ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆ ಕಡೆಗೆ.

ಎಲ್ಲದಕ್ಕೂ ಎಥನಾಲ್ ಬೆರೆತ ಪೆಟ್ರೋಲೇ ಕಾರಣ ಎಂದು ನಿನ್ನ ಸ್ನೇಹಿತರು ಹೇಳಬಹುದು. ಅದರಿಂದ ಮೈಲೇಜ್ ಸ್ವಲ್ಪ ಇಳಿಯುತ್ತದೆ, ಹಳೆಯ ಕಾರಿನ ರಬ್ಬರ್ ಕೊಳವೆಗಳ ಮೇಲೆ ಒಂದು ಕಣ್ಣಿಡಬೇಕು, ನಿಜ. ಆದರೆ ನಿನ್ನೆಯವರೆಗೆ ಬೆಟ್ಟ ಹತ್ತಿದ ಕಾರು ಇವತ್ತು ಕುಲುಕಾಡುತ್ತಾ ನಿಲ್ಲಲು ಅದು ಸಾಲದು.

ಇಷ್ಟಾಗುವ ತನಕ ಅಮ್ಮನನ್ನು ಆ ಕಾರಿನಲ್ಲಿ ಕೂರಿಸಬೇಡ. ಕಬ್ಬು ತುಂಬಿದ ಟ್ರ್ಯಾಕ್ಟರುಗಳನ್ನು ಕತ್ತಲಲ್ಲಿ ಓವರ್‌ಟೇಕ್ ಮಾಡಲು ಹೋಗಿ ಮಧ್ಯದಲ್ಲಿ ಪಿಕಪ್ ಸತ್ತರೆ ಏನಾಗುತ್ತದೆ ಎಂಬುದನ್ನು ನಮ್ಮ ರಸ್ತೆಗಳಲ್ಲಿ ನಾನು ಕಣ್ಣಾರೆ ಕಂಡಿದ್ದೇನೆ. ಹಬ್ಬಕ್ಕೆ ಅವಳನ್ನು ರೈಲು ಹತ್ತಿಸು, ನಾನೇ ಸ್ಟೇಷನ್ನಿಗೆ ಬರುತ್ತೇನೆ.

ನೀನು ಬರುವಾಗ ಹಳೆಯ ನಾಲ್ಕೂ ಪ್ಲಗ್‌ಗಳನ್ನು ತಾ. ತುದಿ ತಿಳಿಕಂದು ಬಣ್ಣಕ್ಕಿದ್ದರೆ ಒಳ್ಳೆಯದು. ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚಾಗಿದೆ, ಸುಣ್ಣದಂತೆ ಬಿಳುಪಾಗಿದ್ದರೆ ಕಡಿಮೆಯಾಗಿದೆ, ಎಣ್ಣೆ ಜಿಡ್ಡಿದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ. ಒರೆಸಿ ಚೊಕ್ಕಟ ಮಾಡಿಬಿಡಬೇಡ. ಒಂದೊಂದನ್ನೂ ಕಾಗದದಲ್ಲಿ ಸುತ್ತಿ, ಯಾವುದು ಯಾವ ಸಿಲಿಂಡರಿನದು ಎಂದು ಮೇಲೆ ಬರೆದಿಡು.

ನಿನ್ನ ಮಾವ