ಅಲ್ಲಿ ಲಾರಿ ನಿಂತಿದೆ, ಇಲ್ಲಿ ಕಾರ್ಖಾನೆ

ಟ್ರಾಯ್, ಮಿಶಿಗನ್
7 ಡಿಸೆಂಬರ್ 2010

ತೀರ್ಥರೂಪ ಸಮಾನರಾದ ಅಣ್ಣನವರಿಗೆ ತಮ್ಮನು ಮಾಡುವ ನಮಸ್ಕಾರಗಳು. ಉಭಯಕುಶಲೋಪರಿ.

ದೀಪಾವಳಿಯ ನಂತರ ನೀವು ಬರೆದ ಪತ್ರ ಬಂದು ಸೇರಿತು. ಜುಲೈ ಕೊನೆಗೆ ರಾಜ್ಯ ಸರ್ಕಾರ ನಮ್ಮ ಬಂದರುಗಳಿಂದ ಕಬ್ಬಿಣದ ಅದಿರು ರಫ್ತು ನಿಲ್ಲಿಸಿದಾಗಿನಿಂದ ಲಾರಿ ಅಂಗಳದ ಗೇರುಮರದ ಕೆಳಗೆ ನಿಂತೇ ಇದೆ, ಸಾಲದ ಕಂತು ಮಾತ್ರ ಒಂದು ತಿಂಗಳೂ ನಿಂತಿಲ್ಲ ಎಂದು ಬರೆದಿದ್ದೀರಿ. ಕೊನೆಯಲ್ಲಿ, ಯಾರು ಬಂದರೂ ನಮಗೆ ಇಷ್ಟೇ, ಈ ತಿಂಗಳ ಜಿಲ್ಲಾ ಪಂಚಾಯ್ತಿ ಚುನಾವಣೆಗೆ ಮತ ಹಾಕಲು ನಾನು ಹೋಗುವುದಿಲ್ಲ, ಅಮೆರಿಕದಲ್ಲಾದರೆ ದುಡಿಯುವವನನ್ನು ಹೀಗೆ ಯಾರೂ ಕೈಬಿಡಲಿಕ್ಕಿಲ್ಲ ಎಂದೂ ಸೇರಿಸಿದ್ದೀರಿ. ಆ ಮಾತನ್ನು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಪತ್ರ ಸ್ವಲ್ಪ ಉದ್ದವಾದರೆ ಬೇಸರಿಸಬೇಡಿ.

ಕೈಬಿಟ್ಟಿದ್ದಾರೆ ಅಣ್ಣ, ಇಲ್ಲಿಯೂ ಕೈಬಿಟ್ಟಿದ್ದಾರೆ. ಹೋದ ವಾರ ಬಂದ ಲೆಕ್ಕದಂತೆ ಈ ದೇಶದಲ್ಲಿ ಕೆಲಸ ಹುಡುಕುತ್ತಿರುವವರ ಪ್ರಮಾಣ ಶೇಕಡಾ 9.8. ಕಾರುಗಳನ್ನೇ ನಂಬಿ ಬದುಕಿದ ಈ ಮಿಶಿಗನ್ ರಾಜ್ಯದಲ್ಲಿ ಅದು 12ರ ಮೇಲಿದೆ. ನಮ್ಮ ಮನೆಯಿಂದ ಅರ್ಧ ತಾಸಿನ ದಾರಿಯಲ್ಲಿರುವ ಪಾಂಟಿಯಾಕ್ ಊರಿನ ಟ್ರಕ್ ಕಾರ್ಖಾನೆ ಹೋದ ವರ್ಷ ಮುಚ್ಚಿತು. ಆ ಊರಿನ ಹೆಸರು ಹೊತ್ತಿದ್ದ ಕಾರುಗಳೂ ಈಗ ತಯಾರಾಗುವುದಿಲ್ಲ. ಅಂಥ ಕಾರ್ಖಾನೆಯೊಂದು ನಿಂತಾಗ ಅದಕ್ಕೆ ಸೀಟು, ಗಾಜು, ತಂತಿ ಒದಗಿಸುತ್ತಿದ್ದ ಸಣ್ಣ ಕಾರ್ಖಾನೆಗಳು, ಮಧ್ಯಾಹ್ನದ ಊಟದ ಹೋಟೆಲುಗಳು, ಕ್ಷೌರದಂಗಡಿ ಎಲ್ಲವೂ ಒಂದೊಂದಾಗಿ ಬಾಗಿಲು ಹಾಕುತ್ತವೆ. ಅದಿರು ನಿಂತ ಮೇಲೆ ಹೆದ್ದಾರಿ ಬದಿಯ ಟಯರ್ ಪಂಕ್ಚರ್ ಅಂಗಡಿಗಳಿಗೂ ಊಟದ ಖಾನಾವಳಿಗಳಿಗೂ ಆದ ಗತಿಯನ್ನು ನೀವು ಬರೆದಿರಲ್ಲ, ಅದನ್ನು ನಾನು ಇಲ್ಲಿ ಪ್ರತಿದಿನ ಕಣ್ಣಾರೆ ನೋಡುತ್ತಿದ್ದೇನೆ.

ನಮ್ಮ ಪಕ್ಕದ ಮನೆಯವರು ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ದುಡಿದವರು. 2009ರ ಆರಂಭದಲ್ಲಿ ಅವರ ಕೆಲಸ ಹೋಯಿತು. ಇಲ್ಲಿ ಕೆಲಸ ಕಳೆದುಕೊಂಡವರಿಗೆ ಸರ್ಕಾರ ವಾರಕ್ಕಿಷ್ಟು ಭತ್ಯೆ ಕೊಡುತ್ತದೆ, ಈ ರಾಜ್ಯದಲ್ಲಿ ಹೆಚ್ಚೆಂದರೆ 362 ಡಾಲರ್. ಅದನ್ನು ಪಡೆಯಲು ಎರಡು ವಾರಕ್ಕೊಮ್ಮೆ ಫೋನ್ ಮಾಡಬೇಕು. ಆ ಕಡೆ ಮನುಷ್ಯರಿರುವುದಿಲ್ಲ, ಯಂತ್ರದ ಧ್ವನಿಯೊಂದು ಪ್ರಶ್ನೆ ಕೇಳುತ್ತದೆ, ಹೌದು ಅಥವಾ ಇಲ್ಲ ಎಂಬುದಕ್ಕೆ ಇವರು ಅಂಕಿ ಒತ್ತಬೇಕು. ನಾನೊಮ್ಮೆ ಅವರ ಅಡುಗೆಮನೆಯಲ್ಲಿ ಕುಳಿತಿದ್ದಾಗ ಆ ಹೊತ್ತು ಬಂತು. ಎದುರಿಗೆ ನೋಟುಪುಸ್ತಕವಿತ್ತು. ಅರ್ಜಿ ಹಾಕಿದ ಜಾಗ, ತಾರೀಖು, ಉತ್ತರ ಬಂತೋ ಇಲ್ಲವೋ ಎಲ್ಲವನ್ನೂ ಗೆರೆ ಎಳೆದು ಅಚ್ಚುಕಟ್ಟಾಗಿ ಬರೆದಿದ್ದರು. ಉತ್ತರದ ಕಾಲಂ ಪುಟ ತಿರುವಿದರೂ ಖಾಲಿಯೇ. ಅಂಕಿಗಳನ್ನು ಒತ್ತಿ ಮುಗಿಸಿ, ಈ ಎರಡು ವರ್ಷಗಳಲ್ಲಿ ಸರ್ಕಾರದ ಕಡೆಯಿಂದ ತನ್ನೊಡನೆ ಮಾತಾಡಿದ್ದು ಈ ಯಂತ್ರ ಮಾತ್ರ ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಆದರೆ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಇವರಂಥವರ ಹತಾಶೆಗೆ ಬರೀ ಹಣದ ಕೊರತೆ ಕಾರಣವಲ್ಲ. ತಪ್ಪು ಮಾಡಿದವರು ಯಾರು, ದಂಡ ತೆತ್ತವರು ಯಾರು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿದೆ. ತೀರಿಸಲಾಗದವರಿಗೂ ಮನೆಸಾಲ ಕೊಟ್ಟು, ಆ ಸಾಲಗಳನ್ನು ಕಟ್ಟುಕಟ್ಟಾಗಿ ಮಾರಿ ಲಾಭ ಮಾಡಿಕೊಂಡ ಬ್ಯಾಂಕುಗಳು 2008ರಲ್ಲಿ ಕುಸಿಯತೊಡಗಿದಾಗ, ಅವುಗಳನ್ನು ಎತ್ತಿ ಹಿಡಿಯಲು ಸಂಸತ್ತು 70,000 ಕೋಟಿ ಡಾಲರಿನ ಕಾನೂನನ್ನು ಕೆಲವೇ ವಾರಗಳಲ್ಲಿ ಮಂಜೂರು ಮಾಡಿತು. ಎಐಜಿ ಎಂಬ ವಿಮಾ ಕಂಪನಿ ಸರ್ಕಾರದ ಅಪಾರ ನೆರವಿನಿಂದ ಉಳಿದುಕೊಂಡು, ಮರುವರ್ಷವೇ ತನ್ನ ನೌಕರರಿಗೆ 16.5 ಕೋಟಿ ಡಾಲರ್ ಬೋನಸ್ ಹಂಚಿತು. ಅದೇ ಸಂಸತ್ತಿಗೆ ನಿರುದ್ಯೋಗ ಭತ್ಯೆ ಮುಂದುವರಿಸುವ ಪ್ರಶ್ನೆ ಬಂದಾಗಲೆಲ್ಲ ಬೊಕ್ಕಸ ನೆನಪಾಗುತ್ತದೆ. ಈ ಬೇಸಿಗೆಯಲ್ಲಿ ಆ ಚರ್ಚೆ ಮುಗಿಯುವವರೆಗೆ ಜೂನ್ ಆರಂಭದಿಂದ ಜುಲೈ 22ರ ತನಕ ವಿಸ್ತರಿತ ಭತ್ಯೆಯ ಅವಧಿ ಕಡಿದು ಬಿದ್ದಿತ್ತು. ನವೆಂಬರ್ 30ಕ್ಕೆ ಮತ್ತೆ ಮುಗಿಯಿತು. ನಿನ್ನೆ ಸಂಜೆ ಅಧ್ಯಕ್ಷ ಒಬಾಮಾ ಅವರು ವಿರೋಧಿಗಳಾದ ರಿಪಬ್ಲಿಕನ್ ಪಕ್ಷದವರೊಡನೆ ಆದ ಒಪ್ಪಂದವನ್ನು ಪ್ರಕಟಿಸಿದರು. ಭತ್ಯೆಯನ್ನು 13 ತಿಂಗಳು ಮುಂದುವರಿಸಬೇಕಾದರೆ ಶ್ರೀಮಂತರೂ ಸೇರಿದಂತೆ ಎಲ್ಲರ ತೆರಿಗೆ ರಿಯಾಯಿತಿಯನ್ನು ಎರಡು ವರ್ಷ ಮುಂದುವರಿಸಬೇಕಂತೆ. ಅಷ್ಟಾಗಿಯೂ ಭತ್ಯೆಯ ಒಟ್ಟು ಮಿತಿ 99 ವಾರಗಳೇ. ನಮ್ಮ ಪಕ್ಕದ ಮನೆಯವರ 99ನೆಯ ವಾರ ಹತ್ತಿರ ಬಂದಿದೆ. ಅವರ ಹೆಸರಿನಲ್ಲಿ ನಡೆದ ಈ ಚೌಕಾಶಿಯಿಂದ ಅವರಿಗೆ ಏನೂ ದಕ್ಕುವುದಿಲ್ಲ.

2008ರಲ್ಲಿ ಬದಲಾವಣೆಯಾಗುತ್ತದೆಂದು ನಂಬಿ ಮತ ಹಾಕಲು ಸಾಲಿನಲ್ಲಿ ನಿಂತವರು ಅವರು. ಹೋದ ತಿಂಗಳು 2ರಂದು ನಡೆದ ಚುನಾವಣೆಗೆ ಹೋಗಲಿಲ್ಲ. ನೀವು ಬರೆದ ಮಾತನ್ನೇ ಅವರೂ ಆಡಿದರು, ಯಾರು ಬಂದರೂ ಇಷ್ಟೇ ಎಂದು. ಅವರೊಬ್ಬರೇ ಅಲ್ಲ, ಮತದ ಹಕ್ಕುಳ್ಳವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮನೆಯಲ್ಲೇ ಉಳಿದರು. ಹೋದವರಲ್ಲಿ ವಯಸ್ಸಾದವರು, ಬದುಕು ನೆಲೆನಿಂತವರು ಹೆಚ್ಚು. ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಯಲ್ಲಿ 60ಕ್ಕೂ ಹೆಚ್ಚು ಸ್ಥಾನಗಳು ಕೈಬದಲಾದವು. ಈ ಭತ್ಯೆಗೆ ಅಡ್ಡಗಾಲು ಹಾಕುತ್ತಿದ್ದ ಪಕ್ಷಕ್ಕೆ ಚೌಕಾಶಿ ಮಾಡುವ ಬಲ ಇನ್ನಷ್ಟು ಬಂತು, ಒಂದು ತಿಂಗಳು ಕಳೆಯುವಷ್ಟರಲ್ಲಿ ನಿನ್ನೆಯ ಒಪ್ಪಂದವೂ ಬಂತು. ಅಣ್ಣ, ನನ್ನ ಮನಸ್ಸಿಗೆ ಹತ್ತಿದ್ದು ಇದು. ಸಿಟ್ಟಿನಿಂದ ಮನೆಯಲ್ಲಿ ಕುಳಿತವನ ಸಿಟ್ಟು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಅವನು ತೃಪ್ತನಾಗಿದ್ದಾನೆಂದೇ ಆಳುವವರು ಹಿಡಿಯುತ್ತಾರೆ.

ನಿಮ್ಮ ಸಿಟ್ಟು ನ್ಯಾಯವಾದದ್ದು. ಬೇಲೆಕೇರಿ ಬಂದರಿನಲ್ಲಿ ಅರಣ್ಯ ಇಲಾಖೆಯವರು ಮುಟ್ಟುಗೋಲು ಹಾಕಿದ್ದ ಅದಿರಿನಲ್ಲಿ ಸುಮಾರು 5 ಲಕ್ಷ ಟನ್ ಕಾಣೆಯಾಯಿತು. ನಿಮ್ಮ ಲಾರಿಯ ಲೆಕ್ಕದಲ್ಲಿ, ಒಂದು ಲೋಡಿಗೆ 16 ಟನ್ ಎಂದರೂ, ಅದು ಮೂವತ್ತು ಸಾವಿರಕ್ಕೂ ಹೆಚ್ಚು ಲೋಡು. ಅಷ್ಟನ್ನು ಯಾರ ಕಣ್ಣಿಗೂ ಬೀಳದಂತೆ ಸಾಗಿಸಲು ಒಬ್ಬಿಬ್ಬರಿಂದ ಆಗುವುದಿಲ್ಲ. ಅದನ್ನು ಹಿಡಿದ ಅಧಿಕಾರಿಯನ್ನೇ ಅಮಾನತು ಮಾಡಲು ಹೊರಟಾಗ ಲೋಕಾಯುಕ್ತ ಸಂತೋಷ್ ಹೆಗ್ಡೆಯವರು ನೊಂದು ರಾಜೀನಾಮೆ ಕೊಟ್ಟು, ಆಮೇಲೆ ಹಿಂದಕ್ಕೆ ಪಡೆದರು. ರಫ್ತು ನಿಲ್ಲಿಸಿದ್ದು ತಪ್ಪೆಂದು ನಾನು ಹೇಳಲಾರೆ. ಅರಬೈಲು ಘಟ್ಟದ ರಸ್ತೆಯನ್ನೂ, ಆ ಕೆಂಪು ಧೂಳಿನಲ್ಲಿ ಕೆಮ್ಮುತ್ತಿದ್ದ ಮಕ್ಕಳನ್ನೂ ನೀವೇ ನನಗಿಂತ ಹೆಚ್ಚು ನೋಡಿದ್ದೀರಿ. ಆದರೆ ನಿಲ್ಲಿಸಿದವರು, ಒಂದೇ ಲಾರಿ ಇಟ್ಟುಕೊಂಡು ಸಾಲ ತೀರಿಸುವವನ ಗತಿಯೇನು ಎಂದು ಒಂದು ದಿನವಾದರೂ ಯೋಚಿಸಬೇಕಿತ್ತು. ಅಕ್ಟೋಬರಿನಲ್ಲಿ ಸರ್ಕಾರ ಅಲ್ಲಾಡಿ, ಶಾಸಕರು ಕಾಳಿ ಸೇತುವೆಯ ಆಚೆ ಗೋವೆಯ ರೆಸಾರ್ಟುಗಳಲ್ಲಿ ಕುಳಿತಿದ್ದಾಗ ಅವರ ಮಾತುಕತೆಯಲ್ಲಿ ನಿಮ್ಮ ಕಂತಿನ ಸುದ್ದಿ ಇದ್ದಿರಲಾರದು.

ತೋಡೂರಿನ ಅತ್ತೆಯ ಮನೆಯನ್ನು ನೆನೆಸಿಕೊಳ್ಳಿ. ಸೀಬರ್ಡ್ ನೌಕಾನೆಲೆ ಯೋಜನೆಗೆ 1986ರಲ್ಲಿ ಅಡಿಗಲ್ಲು ಬಿತ್ತು, ಆಮೇಲೆ ಅವರು ಅರ್ಗಾದ ಗದ್ದೆ, ಮನೆ ಬಿಟ್ಟು ಪುನರ್ವಸತಿ ಕಾಲೊನಿಗೆ ಬಂದರು. ನೌಕಾನೆಲೆ ಕೆಲಸ ಆರಂಭಿಸಿ ಐದು ವರ್ಷವಾದರೂ ಪರಿಹಾರದ ವ್ಯಾಜ್ಯಗಳು ಮುಗಿದಿಲ್ಲ. ಆದರೂ ಮಾವ ಪ್ರತಿ ಸಭೆಗೆ ಹೋಗುತ್ತಾರೆ, ಪ್ರತಿ ಚುನಾವಣೆಯಲ್ಲೂ ಅಭ್ಯರ್ಥಿಯನ್ನು ಜಗುಲಿಯ ಮೇಲೆ ಕೂರಿಸಿ ಕಾಗದ ತೋರಿಸುತ್ತಾರೆ. ನಾಲ್ಕು ಕಾಸು ಹೆಚ್ಚು ಸಿಕ್ಕಿದ್ದರೆ ಅದು ಹಾಗೆ ಬೆನ್ನು ಬಿಡದೆ ಹೋದವರಿಂದಲೇ.

ಇನ್ನೊಂದು ಮಾತನ್ನೂ ಹೇಳಬೇಕು. ಹೊರಗಿನ ಡ್ರೈವರುಗಳು ಬಂದು ನಮ್ಮ ಹೊಟ್ಟೆಯ ಮೇಲೆ ಹೊಡೆದರು ಎಂದು ಬರೆದಿದ್ದೀರಿ. ಇಲ್ಲಿ ಹೊರಗಿನವನು ನಾನು. ನೆರವು ಪಡೆದ ಬ್ಯಾಂಕುಗಳು ನಮ್ಮಂಥ ವೀಸಾದವರನ್ನು ಸೇರಿಸಿಕೊಳ್ಳುವುದಕ್ಕೆ ಹೋದ ವರ್ಷ ಕಾನೂನಿನಿಂದಲೇ ಬಿಗಿ ಮಾಡಿದರು. ಅಂಗಡಿಯಲ್ಲಿ ಕೆಲವರು ನನ್ನನ್ನು ನೋಡುವ ನೋಟದಲ್ಲಿ ಅದೇ ಮಾತಿರುತ್ತದೆ. ನನ್ನ ಕೆಲಸ ಸದ್ಯಕ್ಕೆ ಉಳಿದಿದೆ, ಹೋದರೆ ದೇಶ ಬಿಡಬೇಕಾಗುತ್ತದೆ. ಬಳ್ಳಾರಿಯಿಂದಲೋ ಹೊಸಪೇಟೆಯಿಂದಲೋ ಬಂದ ಆ ಡ್ರೈವರನೂ ಈಗ ನಿಮ್ಮಂತೆಯೇ ಕಂತಿನ ಚಿಂತೆಯಲ್ಲಿರುತ್ತಾನೆ. ಅವನ ಮೇಲೆ ಸಿಟ್ಟು ತೀರಿಸಿಕೊಂಡಷ್ಟೂ ಅದಿರು ಮಾರಿದವರಿಗೆ ನಿರಾಳ.

ಆದ್ದರಿಂದ ನನ್ನದೊಂದು ಕೇಳಿಕೆ. ಮತ ಕೇಳಲು ಯಾವ ಪಕ್ಷದವರು ಬಂದರೂ, ಕೆಲಸ ನಿಂತ ಅವಧಿಗೆ ಲಾರಿ ಸಾಲದ ಕಂತನ್ನು ಮುಂದೂಡಿಸಲು ನೀವೇನು ಮಾಡುತ್ತೀರಿ ಎಂದು ನಿಮ್ಮಂಥ ಲಾರಿಯವರು ಹತ್ತು ಮಂದಿ ಜೊತೆಗೂಡಿ ಕೇಳಿ. ಉತ್ತರ ಕೊಡದವರಿಗೆ ಮತ ಬೇಡ. ಆದರೆ ಮತಗಟ್ಟೆಗೆ ಹೋಗಿ, ಅತ್ತಿಗೆಯನ್ನೂ ಕರೆದುಕೊಂಡು ಹೋಗಿ.

ಲಾರಿಯನ್ನು ಈಗಲೇ ಮಾರುವ ಅವಸರ ಬೇಡ. ಎಲ್ಲರೂ ಒಟ್ಟಿಗೆ ಮಾರಲು ನಿಂತಿರುವಾಗ ಬಂದ ಬೆಲೆಯಲ್ಲಿ ಸಾಲವೂ ತೀರುವುದಿಲ್ಲ. ಎರಡು ಕಂತಿನ ಹಣವನ್ನು ಈ ವಾರ ನಿಮ್ಮ ಖಾತೆಗೆ ಕಳುಹಿಸುತ್ತೇನೆ. ಸಾಲದ ಬಾಕಿ ಎಷ್ಟು, ಬಡ್ಡಿ ಎಷ್ಟು ಎಂದು ಪಾಸ್‌ಬುಕ್ಕು ನೋಡಿ ಸರಿಯಾಗಿ ಬರೆಯಿರಿ. ಅಪ್ಪನ ಮಂಡಿನೋವಿಗೆ ಡಾಕ್ಟರು ಏನೆಂದರು ಎಂದೂ ತಿಳಿಸಿ. ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ.

ಇಂತಿ ನಿಮ್ಮ ಪ್ರೀತಿಯ ತಮ್ಮ