ಏಪ್ರಿಲ್‌ನಲ್ಲಿ ತೆರೆದಿರದ ಶಾಲೆ: ಥಾಯ್ಲೆಂಡ್ ಇಂಗ್ಲಿಷ್ ಬೋಧನಾ ಪ್ಯಾಕೇಜ್ ಕುರಿತು ದೂರು

ಗೆ,
ಮುಖ್ಯ ವ್ಯವಸ್ಥಾಪಕರು,
ಸ್ವಯಂಸೇವಾ ಕಾರ್ಯಕ್ರಮಗಳ ವಿಭಾಗ

ವಿಷಯ: ಥಾಯ್ಲೆಂಡ್‌ನ ಪ್ರಾಥಮಿಕ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುವ ಸ್ವಯಂಸೇವಾ ಪ್ಯಾಕೇಜ್‌ನ ಲೋಪಗಳು, ಶುಲ್ಕ ವಾಪಸಾತಿ ಮತ್ತು ಕಾರ್ಯಕ್ರಮದ ತಿದ್ದುಪಡಿ ಬಗ್ಗೆ.

ಮಾನ್ಯರೇ,

ನಿಮ್ಮ ಕಂಪನಿಯ ಮೂಲಕ ಈಶಾನ್ಯ ಥಾಯ್ಲೆಂಡ್‌ನ ಪ್ರಾಥಮಿಕ ಶಾಲೆಗಳಿಗೆ ಹೋಗಿಬಂದ ಬೇರೆ ಬೇರೆ ಬ್ಯಾಚ್‌ನವರು ಸೇರಿ ಈ ದೂರು ಬರೆಯುತ್ತಿದ್ದೇವೆ. ನಮ್ಮಲ್ಲಿ ಹೆಚ್ಚಿನವರಿಗೆ ಚಿಕ್ಕ ಮಕ್ಕಳಿಗೆ ಇಂಗ್ಲಿಷ್ ಕಲಿಸುವುದೇ ಕಸುಬು. ಊಟ ಹಿಡಿಸಲಿಲ್ಲ, ಫ್ಯಾನ್ ತಿರುಗಲಿಲ್ಲ ಎಂಬ ತಕರಾರು ಇದರಲ್ಲಿಲ್ಲ. ಬೋಧನೆ ಎಂದು ಹೇಳಿ ನೀವು ಹಣ ತೆಗೆದುಕೊಂಡಿದ್ದೀರಿ. ಈ ಕಾರ್ಯಕ್ರಮವನ್ನು ಕಟ್ಟಿರುವ ರೀತಿ ನೋಡಿದರೆ, ಎಷ್ಟೇ ಒಳ್ಳೆಯ ಶಿಕ್ಷಕರು ಹೋದರೂ ಅಲ್ಲಿ ಬೋಧನೆ ನಡೆಯುವುದಿಲ್ಲ. ನಮ್ಮ ದೂರು ಇಷ್ಟೇ.

ಮೊದಲು ಕ್ಯಾಲೆಂಡರ್‌ನಿಂದಲೇ ಶುರುಮಾಡೋಣ. ಥಾಯ್ಲೆಂಡ್‌ನಲ್ಲಿ ಶಾಲೆಯ ಮೊದಲ ಅವಧಿ ಮೇ ಮಧ್ಯದಲ್ಲಿ ಆರಂಭವಾಗಿ ಅಕ್ಟೋಬರ್ ಮೊದಲ ಭಾಗಕ್ಕೆ ಮುಗಿಯುತ್ತದೆ. ಎರಡನೆಯದು ನವೆಂಬರ್‌ನಿಂದ ಮಾರ್ಚ್‌ವರೆಗೆ. ಏಪ್ರಿಲ್ ಪೂರ್ತಿ ಬೇಸಿಗೆ ರಜೆ, ಅದರ ನಡುವೆ 13ರಿಂದ 15ರವರೆಗೆ ಥಾಯ್ ಹೊಸವರ್ಷದ ಸೊಂಗ್‌ಕ್ರಾನ್ ಹಬ್ಬ. ಇದು ಗುಟ್ಟಿನ ಮಾಹಿತಿಯಲ್ಲ, ಅಲ್ಲಿನ ಯಾವ ಶಾಲೆಗೆ ಫೋನ್ ಮಾಡಿದರೂ ಹೇಳುತ್ತಾರೆ. ಹೀಗಿದ್ದೂ ‘ತರಗತಿ ಬೋಧನೆ’ ಎಂಬ ಹೆಸರಿನಲ್ಲೇ ಏಪ್ರಿಲ್ ಮತ್ತು ಅಕ್ಟೋಬರ್ ಕೊನೆಯ ಸ್ಲಾಟ್‌ಗಳನ್ನು ನೀವು ಮಾರಿದ್ದೀರಿ. ಹೋದವರಿಗೆ ಸಿಕ್ಕಿದ್ದು ಬೀಗ ಹಾಕಿದ ಕೊಠಡಿಗಳು. ಅವರನ್ನು ಆಮೇಲೆ ಒಂದು ಮಕ್ಕಳ ವಸತಿಗೃಹಕ್ಕೆ ಸಾಗಿಸಲಾಯಿತು. ಆ ವಿಷಯಕ್ಕೆ ಮುಂದೆ ಬರುತ್ತೇವೆ, ಅದು ಇದಕ್ಕಿಂತ ಗಂಭೀರವಾದದ್ದು.

ಎರಡನೆಯದು ವೀಸಾ. ಸಂಬಳವಿಲ್ಲದ ಕೆಲಸಕ್ಕೆ ಪ್ರವಾಸಿಯಾಗಿ ಹೋದರೆ ಸಾಕು ಎಂದು ನಿಮ್ಮ ಸಿಬ್ಬಂದಿ ಇಮೇಲ್‌ನಲ್ಲಿ ಬರೆದುಕೊಟ್ಟಿದ್ದಾರೆ. ಇದು ತಪ್ಪು. ಥಾಯ್ಲೆಂಡ್‌ನಲ್ಲಿ ಸ್ವಯಂಸೇವಕರಿಗೆ ನಾನ್-ಇಮಿಗ್ರೆಂಟ್ ‘ಒ’ ವೀಸಾ ಬೇಕು, ಅದರ ಮೇಲೆ ವರ್ಕ್ ಪರ್ಮಿಟ್ ಬೇಕು. ವೀಸಾಕ್ಕೆ ಅತಿಥೇಯ ಸಂಸ್ಥೆಯ ಆಹ್ವಾನ ಪತ್ರ ಮತ್ತು ನೋಂದಣಿ ದಾಖಲೆಗಳನ್ನು ಹೊರಡುವ ಮೊದಲೇ ತರಿಸಿಕೊಳ್ಳಬೇಕು. ಪರ್ಮಿಟ್ ಇಲ್ಲದೆ ಕೆಲಸ ಮಾಡಿ ಸಿಕ್ಕಿಬಿದ್ದ ವಿದೇಶಿಗೆ 5,000ದಿಂದ 50,000 ಬಾತ್ ದಂಡ ಮತ್ತು ಗಡಿಪಾರು. ಕೆಲಸಕ್ಕೆ ಇಟ್ಟುಕೊಂಡವರಿಗೆ ತಲೆಗೆ 10,000ದಿಂದ 1,00,000 ಬಾತ್. ಇಲ್ಲಿ ಇಟ್ಟುಕೊಂಡವರು ಎಂದರೆ ಶಾಲೆ. ನಿಮ್ಮ ಕಚೇರಿಗೆ ಏನೂ ಆಗುವುದಿಲ್ಲ, ಹಳ್ಳಿಯ ಹೆಡ್‌ಮಾಸ್ಟರ್ ಕುತ್ತಿಗೆಗೆ ಬರುತ್ತದೆ. ಉಳಿದುಕೊಳ್ಳುವ ಮನೆಯವರ ಕಥೆಯೂ ಹೀಗೇ. ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಮನೆಯ ಯಜಮಾನರು ವಲಸೆ ಕಚೇರಿಗೆ ಟಿಎಂ 30 ಎಂಬ ಫಾರಂನಲ್ಲಿ ಮಾಹಿತಿ ಕೊಡಬೇಕು. ನಮ್ಮ ಬ್ಯಾಚ್‌ಗಳಿಗೆ ಮನೆ ಕೊಟ್ಟವರಿಗೆ ಆ ಫಾರಂ ಬಗ್ಗೆ ನಿಮ್ಮ ಸ್ಥಳೀಯ ಪ್ರತಿನಿಧಿ ಒಂದು ಮಾತೂ ಹೇಳಿರಲಿಲ್ಲ.

ಇನ್ನು ತರಗತಿಯ ಒಳಗೆ. ನಿಮ್ಮ ಕೈಪಿಡಿಯ ಮೊದಲ ದಿನದ ಪಾಠ ‘ಎ ಫಾರ್ ಆ್ಯಪಲ್’ ಚಾರ್ಟ್. ಸ್ವಯಂಸೇವಕರು ‘ಆ್ಯಪಲ್’ ಅನ್ನುತ್ತಾರೆ, ನಲವತ್ತು ಮಕ್ಕಳು ‘ಆ್ಯಪ್ಪೆನ್’ ಅನ್ನುತ್ತಾರೆ. ಇವರು ಇನ್ನೂ ಜೋರಾಗಿ ‘ಆ್ಯಪಲ್’, ಅವರು ಇನ್ನೂ ಜೋರಾಗಿ ‘ಆ್ಯಪ್ಪೆನ್’. ಪಕ್ಕದ ಕೊಠಡಿಯ ಟೀಚರ್ ಬಂದು ಇಣುಕುವವರೆಗೂ ಇದು ನಡೆಯುತ್ತದೆ. ಮಕ್ಕಳಿಗೆ ಕಿವಿ ಸರಿಯಿಲ್ಲ ಎಂದಲ್ಲ. ಥಾಯ್ ಭಾಷೆಯಲ್ಲಿ ಉಚ್ಚಾರದ ಕೊನೆಗೆ ಬರಬಹುದಾದ ವ್ಯಂಜನಗಳು ಬೆರಳೆಣಿಕೆಯಷ್ಟು: ಪ್, ತ್, ಕ್, ಮ್, ನ್, ಙ್, ಯ್, ವ್. ಕೊನೆಯ ಲ್ ಅಲ್ಲಿ ನ್ ಆಗುತ್ತದೆ, ಕೊನೆಯ ಸ್ ಮೊಟಕಾದ ತ್ ಆಗುತ್ತದೆ. ಹಾಗಾಗಿ ‘ಬಾಲ್’ ಹೋಗಿ ‘ಬೊನ್’, ‘ಬಸ್’ ಹೋಗಿ ‘ಬತ್’. ಕೊನೆಯ ಸ್ ಬಾಯಿಗೇ ಬರದಿದ್ದರೆ ‘ಕ್ಯಾಟ್ಸ್’, ‘ಡಾಗ್ಸ್’ ಹೇಗೆ ಬರಬೇಕು? ಬಹುವಚನ ಗೊತ್ತಿಲ್ಲ ಎಂದುಕೊಂಡು ಸ್ವಯಂಸೇವಕರು ಬೋರ್ಡ್ ಮೇಲೆ ವ್ಯಾಕರಣ ಬರೆಯುತ್ತಾರೆ. ಬೇಕಿದ್ದದ್ದು ಅದಲ್ಲ. ದಿನಕ್ಕೆ ಮೂರು ನಿಮಿಷ ಪದದ ಕೊನೆಯ ಧ್ವನಿಯನ್ನು ಎಳೆದು ಹೇಳಿಸಿ, ‘ಬಸ್’ ಕೇಳಿದಾಗ ಒಂದು ಕೈ, ‘ಬಟ್’ ಕೇಳಿದಾಗ ಇನ್ನೊಂದು ಕೈ ಎತ್ತಿಸುವ ಆಟ ಆಡಿಸಬೇಕು. ಮೊದಲು ಕಿವಿಗೆ ವ್ಯತ್ಯಾಸ ತಿಳಿಯಬೇಕು, ಬಾಯಿಗೆ ಬರುವುದು ಆಮೇಲೆ.

ಬರವಣಿಗೆಯಲ್ಲೂ ಹೀಗೇ ಆಗುತ್ತದೆ. ಥಾಯ್ ಲಿಪಿಯಲ್ಲಿ ಪದಗಳ ನಡುವೆ ಜಾಗ ಬಿಡುವುದಿಲ್ಲ, ದೊಡ್ಡಕ್ಷರ ಸಣ್ಣಕ್ಷರ ಎಂಬುದೂ ಇಲ್ಲ. ಎರಡನೇ ತರಗತಿಯ ಮಗು ಇಡೀ ಇಂಗ್ಲಿಷ್ ವಾಕ್ಯವನ್ನು ಒಂದೇ ಸರಪಳಿಯಾಗಿ ಬರೆದರೆ ಅದು ಸೋಮಾರಿತನವಲ್ಲ. ಒಂದು ಪದ ಬರೆದ ಮೇಲೆ ಬೆರಳಿಟ್ಟು ಜಾಗ ಬಿಡಲು ಹೇಳಿಕೊಟ್ಟರೆ ಕೆಲವು ದಿನಗಳಲ್ಲಿ ಸರಿಹೋಗುತ್ತದೆ. ಇನ್ನೊಂದು ಸಂಗತಿ: ಈಸಾನ್ ಎಂದು ಕರೆಯುವ ಈ ಈಶಾನ್ಯ ಸೀಮೆಯ ಬಹಳ ಮನೆಗಳಲ್ಲಿ ಮಾತಾಡುವುದು ಲಾವೋಸ್ ದೇಶದ ಲಾವೋ ಭಾಷೆಗೆ ಹತ್ತಿರದ ಈಸಾನ್ ನುಡಿ. ಶಾಲೆಯ ಥಾಯ್ ಅವರಿಗೆ ಎರಡನೆಯದು, ಇಂಗ್ಲಿಷ್ ಮೂರನೆಯದು. ಇದರಲ್ಲಿ ಒಂದು ಸಾಲೂ ನಿಮ್ಮ ಕೈಪಿಡಿಯಲ್ಲಿಲ್ಲ. ಚಾರಣಕ್ಕೆ ಯಾವ ಶೂ ತರಬೇಕು ಎಂಬುದಕ್ಕೆ ಮಾತ್ರ ಇಡೀ ಒಂದು ಪುಟ ಇದೆ.

ತರಬೇತಿ ಎಂದು ನೀವು ಕೊಡುವುದು 20 ಗಂಟೆಯ ಆನ್‌ಲೈನ್ ಕೋರ್ಸ್. ವೀಡಿಯೊ ನೋಡಿ, ಸರಿ ಉತ್ತರಕ್ಕೆ ಗುರುತು ಹಾಕಿದರೆ ಪ್ರಮಾಣಪತ್ರ ಬರುತ್ತದೆ. ಇಂಗ್ಲಿಷ್ ಶಿಕ್ಷಕರಿಗಾಗಿ ಇರುವ ಕೇಂಬ್ರಿಜ್‌ನ ಸೆಲ್ಟಾ ಕೋರ್ಸ್ ಸುಮಾರು 120 ಗಂಟೆಯದು, ಅದರಲ್ಲಿ 6 ಗಂಟೆ ನಿಜವಾದ ವಿದ್ಯಾರ್ಥಿಗಳ ಮುಂದೆ ನಿಂತು, ಹಿಂದಿನ ಬೆಂಚಿನಲ್ಲಿ ಪರೀಕ್ಷಕರನ್ನು ಕೂರಿಸಿಕೊಂಡು ಪಾಠ ಮಾಡಬೇಕು. ಅದೂ ದೊಡ್ಡವರಿಗೆ ಕಲಿಸುವ ತರಬೇತಿ. ಏಳು ವರ್ಷದ ಮಕ್ಕಳಿಗೆ ಬೇರೆಯೇ ಪಟ್ಟುಗಳು ಬೇಕು. ಒಬ್ಬೊಬ್ಬರನ್ನೇ ಬೋರ್ಡ್ ಬಳಿ ಕರೆದು ಹೇಳಿಸಿದರೆ 50 ನಿಮಿಷದ ಪೀರಿಯಡ್‌ನಲ್ಲಿ 40 ಮಕ್ಕಳಿಗೆ ತಲಾ ಒಂದು ನಿಮಿಷ ಚಿಲ್ಲರೆ ಸಿಗುತ್ತದೆ, ಉಳಿದ 48 ನಿಮಿಷ ಪೆನ್ಸಿಲ್ ಕಡಿಯುತ್ತಾ ಕೂರುವುದು. ಅದೇ ತರಗತಿಯನ್ನು 20 ಜೋಡಿ ಮಾಡಿ ಹತ್ತು ನಿಮಿಷ ಮಾತಾಡಿಸಿದರೆ ಪ್ರತಿ ಮಗುವಿಗೂ ಐದು ನಿಮಿಷ. ಹೊಸ ಪದ ಒಂದು ಪೀರಿಯಡ್‌ಗೆ ಆರೋ ಎಂಟೋ ಸಾಕು. ಪ್ರತಿ ಎಂಟು ಹತ್ತು ನಿಮಿಷಕ್ಕೆ ಚಟುವಟಿಕೆ ಬದಲಾಗಬೇಕು. ಕುಳಿತು ಮಾಡುವುದರ ಹಿಂದೆ ಎದ್ದು ಮಾಡುವುದು ಬರಬೇಕು. ‘ಸ್ಟ್ಯಾಂಡ್’, ‘ಟರ್ನ್’, ‘ಟಚ್ ದ ಡೋರ್’ ಎಂದು ಅಪ್ಪಣೆ ಕೊಟ್ಟು ಮೈಯಿಂದ ಉತ್ತರ ಪಡೆಯುವ ವಿಧಾನವನ್ನು ಜೇಮ್ಸ್ ಆಶರ್ 1960ರ ದಶಕದಲ್ಲೇ ರೂಪಿಸಿದ್ದರು. ಮಾತಾಡಲು ನಾಚುವ ಮಕ್ಕಳಿಗೆ ಇಷ್ಟು ಒಗ್ಗುವ ವಿಧಾನ ಇನ್ನೊಂದಿಲ್ಲ. ಇದನ್ನು ಕಲಿಸಿಕೊಡಲು ಒಂದು ಮಧ್ಯಾಹ್ನ ಸಾಕಿತ್ತು.

ಆದರೆ ಇವೆಲ್ಲಕ್ಕಿಂತ ದೊಡ್ಡ ಲೋಪ ನಿಮ್ಮ ಎರಡು ವಾರದ ಸ್ಲಾಟ್. ಓದು ಕಲಿಸುವಾಗ ಎ, ಬಿ, ಸಿ ಕ್ರಮ ಹಿಡಿಯುವ ಬದಲು ಎಸ್, ಎ, ಟಿ, ಪಿ, ಐ, ಎನ್ ಎಂಬ ಆರು ಅಕ್ಷರಗಳ ಧ್ವನಿಗಳಿಂದ ಆರಂಭಿಸುವ ಪದ್ಧತಿಯಿದೆ. ಆರು ಧ್ವನಿ ಬಂದರೆ ಸಾಕು, ‘ಸಿಟ್’, ‘ಪಿನ್’, ‘ಟ್ಯಾಪ್’, ‘ನ್ಯಾಪ್’ ಮುಂತಾದ ಹತ್ತಾರು ಪದಗಳನ್ನು ಮಗು ತಾನೇ ಕೂಡಿಸಿ ಓದುತ್ತದೆ. ವಾರಕ್ಕೆ ಎರಡು ಪೀರಿಯಡ್, ಪೀರಿಯಡ್‌ಗೆ ಒಂದು ಧ್ವನಿ ಎಂದು ಲೆಕ್ಕ ಹಾಕಿ: ಆರಕ್ಕೆ ಮೂರು ವಾರ. ನಿಮ್ಮ ಸ್ವಯಂಸೇವಕರು ನಾಲ್ಕನೇ ಧ್ವನಿಗೆ ಬಂದಾಗ ಬೀಳ್ಕೊಡುಗೆ, ಹಾರ, ಫೋಟೊ. ಮರುವಾರ ಬರುವವರ ಕೈಯಲ್ಲಿ ಮತ್ತೆ ಆ್ಯಪಲ್ ಚಾರ್ಟ್. ಒಂದೇ ವರ್ಷದಲ್ಲಿ ಬಣ್ಣಗಳ ಹೆಸರನ್ನು ಬ್ಯಾಚ್ ಮೇಲೆ ಬ್ಯಾಚ್ ಕಲಿಸಿದ ತರಗತಿಗಳಿವೆ. ‘ರೆಡ್, ಬ್ಲೂ, ಗ್ರೀನ್’ ಆ ಮಕ್ಕಳು ನಿದ್ದೆಯಲ್ಲೂ ಹೇಳುತ್ತಾರೆ. ‘ನಿನ್ನ ಬ್ಯಾಗ್ ಯಾವ ಬಣ್ಣದ್ದು’ ಎಂದು ಇಂಗ್ಲಿಷಿನಲ್ಲಿ ಕೇಳಿದರೆ ಮುಖ ನೋಡುತ್ತಾರೆ. ಆರನೇ ತರಗತಿ ಮುಗಿಯುವಷ್ಟರಲ್ಲಿ ಮಕ್ಕಳು ಭಾಷಾ ಸಾಮರ್ಥ್ಯ ಅಳೆಯುವ ಯುರೋಪಿನ ಸಿಇಎಫ್‌ಆರ್ ಮಾನದಂಡದ ಮೊದಲ ಹಂತವಾದ ಎ1 ಮಟ್ಟ ಮುಟ್ಟಬೇಕು ಎಂಬುದು ಥಾಯ್ ಶಿಕ್ಷಣ ಸಚಿವಾಲಯ 2014ರಲ್ಲಿ ಇಟ್ಟುಕೊಂಡ ಗುರಿ. ಅಂದರೆ ತನ್ನ ಬಗ್ಗೆ, ಮನೆಯ ಬಗ್ಗೆ ಸರಳ ಪ್ರಶ್ನೆ ಕೇಳುವುದು, ಉತ್ತರಿಸುವುದು. ಬಣ್ಣದ ಪಟ್ಟಿ ಒಪ್ಪಿಸುವುದರಿಂದ ಅದು ಬರುವುದಿಲ್ಲ.

ಇದಕ್ಕೆ ಪರಿಹಾರ ದುಬಾರಿಯೇನಲ್ಲ. ಪ್ರತಿ ತರಗತಿಗೆ ಒಂದು ಹಸ್ತಾಂತರ ಪುಸ್ತಕ, ಪ್ರತಿ ಪೀರಿಯಡ್‌ಗೆ ಐದಾರು ಸಾಲು: ದಿನಾಂಕ, ಪಠ್ಯಪುಸ್ತಕದ ಪುಟ, ಕಲಿಸಿದ ಪದಗಳು, ಸಹಾಯವಿಲ್ಲದೆ ಮಕ್ಕಳು ಮಾಡಿದ್ದೇನು, ಹಿಂದುಳಿದವರ ರೋಲ್ ನಂಬರ್, ಮುಂದಿನ ಪಾಠ ಎಲ್ಲಿಂದ. ಬರೆಯಲು ಹತ್ತು ನಿಮಿಷ ಸಾಕು. ಪುಸ್ತಕ ಇರಬೇಕಾದ್ದು ಶಾಲೆಯ ಟೀಚರ್ ಮೇಜಿನಲ್ಲಿ. ಸ್ವಯಂಸೇವಕರ ಲ್ಯಾಪ್‌ಟಾಪ್‌ನಲ್ಲಿದ್ದರೆ ಅವರ ಜೊತೆಗೇ ವಿಮಾನ ಹತ್ತಿ ಹೋಗುತ್ತದೆ. ಪಾಠದ ಮುಂದಾಳತ್ವವೂ ಆ ಟೀಚರ್ ಕೈಯಲ್ಲೇ ಇರಬೇಕು. ಈಗ ನಡೆಯುತ್ತಿರುವುದು ಏನೆಂದರೆ, ‘ಫಾರಿನ್ ಟೀಚರ್’ ಬಂದ ಕೂಡಲೇ ಖಾಯಂ ಟೀಚರನ್ನು ಬೇರೆ ಕೆಲಸಕ್ಕೆ ಕಳಿಸುತ್ತಾರೆ. ಆಗ ತರಗತಿ ಹತೋಟಿಗೆ ಬರುವುದಿಲ್ಲ, ಆಟದ ನಿಯಮ ವಿವರಿಸಲು ಭಾಷೆಯಿಲ್ಲ, ಆ ಟೀಚರ್ ತಾವು ಮುಂದೆ ಬಳಸಬಹುದಾದದ್ದನ್ನು ಕಲಿಯುವುದೂ ಇಲ್ಲ. ಇಬ್ಬರೂ ಒಟ್ಟಿಗೆ ನಿಂತು, ಟೀಚರ್ ಥಾಯ್‌ನಲ್ಲಿ ಸೂಚನೆ ಕೊಟ್ಟು, ಸ್ವಯಂಸೇವಕರು ಸಂಭಾಷಣೆ ಮಾಡಿ ತೋರಿಸಿದರೆ ಅದೇ ಪೀರಿಯಡ್ ಎರಡರಷ್ಟು ಫಲ ಕೊಡುತ್ತದೆ. ಹೋಗುವವರು ಕನಿಷ್ಠ ಒಂದು ಪೂರ್ತಿ ಅವಧಿ ಇರಬೇಕು. ಅಷ್ಟು ಬಿಡುವಿಲ್ಲದವರಿಗೆ ಪ್ರವಾಸದ ಪ್ಯಾಕೇಜ್ ಮಾರಿ, ನಮ್ಮ ಅಡ್ಡಿಯಿಲ್ಲ.

ಈಗ ಆ ಮಕ್ಕಳ ವಸತಿಗೃಹದ ವಿಷಯ. ಶಾಲೆಗೆ ರಜೆ ಇದ್ದಾಗ ಸ್ವಯಂಸೇವಕರನ್ನು ಅನಾಥಾಶ್ರಮದಂಥ ಸ್ಥಳಕ್ಕೆ ಕಳಿಸುವುದು ಬದಲಿ ವ್ಯವಸ್ಥೆ ಅಲ್ಲ. ಅಂಥ ಮನೆಗಳಲ್ಲಿರುವ ಬಹುಪಾಲು ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದಾರೆ ಎಂದು ಯುನಿಸೆಫ್ ಹೇಳುತ್ತಲೇ ಬಂದಿದೆ. ಹಣ ಕೊಟ್ಟು ಬರುವ ವಿದೇಶಿಯರು ಹೆಚ್ಚಾದಂತೆ ಬಡ ಮನೆಗಳಿಂದ ಮಕ್ಕಳನ್ನು ತಂದು ತುಂಬಿಸಲು ಕಾರಣ ಸಿಗುತ್ತದೆ. ಎರಡು ವಾರಕ್ಕೊಮ್ಮೆ ಹೊಸ ಮುಖಕ್ಕೆ ಅಂಟಿಕೊಂಡು ಮತ್ತೆ ಬಿಡಿಸಿಕೊಳ್ಳುವುದು ಆ ಮಕ್ಕಳ ಪಾಡಾಗುತ್ತದೆ. ಅನಾಥಾಶ್ರಮಗಳಲ್ಲಿನ ಸ್ವಯಂಸೇವಾ ಕಾರ್ಯಕ್ರಮಗಳಿಂದ ಮಕ್ಕಳಿಗಾಗುವ ಹಾನಿ ತಡೆಯಬೇಕೆಂದು ವಿಶ್ವಸಂಸ್ಥೆಯ ಮಹಾಸಭೆ 2019ರ ಡಿಸೆಂಬರ್‌ನಲ್ಲಿ ನಿರ್ಣಯ ಅಂಗೀಕರಿಸಿದೆ. ಈ ವ್ಯವಹಾರದಲ್ಲಿರುವ ಕಂಪನಿಗೆ ಇದು ತಿಳಿದಿಲ್ಲ ಎಂದರೆ ನಂಬುವುದು ಕಷ್ಟ.

ಶಾಲೆಗಳಲ್ಲೂ ಮಕ್ಕಳ ಸುರಕ್ಷತೆಗೆ ನೀವು ಏನೂ ಮಾಡಿಲ್ಲ. ಅರ್ಜಿಯಲ್ಲಿ ಕಾರ್ಡ್ ನಂಬರ್ ಕೇಳಿದ್ದೀರಿ, ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೇಳಿಲ್ಲ. ಸಂದರ್ಶನ ಇಲ್ಲ, ಹಿಂದಿನ ಕೆಲಸದ ಕಡೆ ವಿಚಾರಣೆ ಇಲ್ಲ. ಮಗುವಿನೊಂದಿಗೆ ಒಬ್ಬರೇ ಮುಚ್ಚಿದ ಕೋಣೆಯಲ್ಲಿರಬಾರದು, ಒಂದು ಮಗುವಿಗೆ ಮಾತ್ರ ಉಡುಗೊರೆ ಕೊಡಬಾರದು, ಶಾಲೆಯ ಹೆಸರು ಕಾಣುವ ಸಮವಸ್ತ್ರದ ಫೋಟೊ ಹಂಚಬಾರದು ಎಂಬ ಸರಳ ನಿಯಮಗಳಿಗೂ ಸಹಿ ಹಾಕಿಸಿಲ್ಲ. ಬದಲಿಗೆ, ನಿಮ್ಮ ಜಾಹೀರಾತಿನಲ್ಲಿ ಮಕ್ಕಳ ಎದೆಯ ಮೇಲಿನ ಹೆಸರಿನ ಕಸೂತಿ ಓದುವಷ್ಟು ಸ್ಪಷ್ಟವಾಗಿದೆ. ಆ ಚಿತ್ರಗಳನ್ನು ಕೂಡಲೇ ತೆಗೆಯಿರಿ.

ವಿಮೆಯ ಬಗ್ಗೆ ಒಂದೇ ಮಾತು: ಶಾಲೆಗೆ ಬೈಕಿನಲ್ಲಿ ಹೋಗಿ ಎಂದು ಪ್ರತಿನಿಧಿ ಹೇಳುತ್ತಾರೆ, ನೀವು ಕೊಟ್ಟ ಪಾಲಿಸಿಯಲ್ಲಿ ಬೈಕ್ ಅಪಘಾತಕ್ಕೆ ರಕ್ಷಣೆ ಇಲ್ಲ.

ನಾವು ಕೇಳುತ್ತಿರುವುದು ಇಷ್ಟು. ಶಾಲಾ ರಜೆಯಲ್ಲಿ ಸ್ಲಾಟ್ ಪಡೆದವರಿಗೆ ಪೂರ್ತಿ ಶುಲ್ಕ ವಾಪಸ್ ಕೊಡಿ. ಪ್ರವಾಸಿ ವೀಸಾ ಸಾಕು ಎಂದು ಬರೆದುಕೊಟ್ಟದ್ದನ್ನು ಹಿಂತೆಗೆದುಕೊಂಡು, ಈಗಾಗಲೇ ಬುಕ್ ಮಾಡಿದವರೆಲ್ಲರಿಗೂ ಸರಿಯಾದ ಮಾಹಿತಿ ಕಳಿಸಿ; ಅದನ್ನು ಓದಿ ರದ್ದು ಮಾಡುವವರಿಂದ ಕಡಿತ ಮಾಡಬೇಡಿ. ವಸತಿಗೃಹಗಳಿಗೆ ಕಳಿಸುವುದನ್ನು ಇಂದಿನಿಂದಲೇ ನಿಲ್ಲಿಸಿ. ಪ್ರತಿಯೊಬ್ಬರ ಶುಲ್ಕದಲ್ಲಿ ಶಾಲೆಗೆ, ಮನೆಯವರಿಗೆ, ನಿಮಗೆ ಎಷ್ಟೆಷ್ಟು ಹೋಗಿದೆ ಎಂಬ ಲೆಕ್ಕವನ್ನು ಬಾತ್‌ನಲ್ಲಿ, ರಸೀದಿ ಸಮೇತ ಕೊಡಿ. ‘ಸಮುದಾಯ ಅಭಿವೃದ್ಧಿ’ ಎಂಬ ಒಂದೇ ಸಾಲಿನ ಬಾಬತ್ತನ್ನು ನಾವು ಒಪ್ಪುವುದಿಲ್ಲ. ಹಸ್ತಾಂತರ ಪುಸ್ತಕದ ನಮೂನೆ ಮತ್ತು ಥಾಯ್ ಮಕ್ಕಳಿಗೆ ಬೇಕಾದ ಧ್ವನಿ ಅಭ್ಯಾಸಗಳ ಕರಡನ್ನು ನಾವೇ ತಯಾರಿಸಿಟ್ಟಿದ್ದೇವೆ, ಬಳಸುವುದಾದರೆ ಉಚಿತವಾಗಿ ಕೊಡುತ್ತೇವೆ.

ಪತ್ರ ತಲುಪಿದ 30 ದಿನಗಳೊಳಗೆ ಲಿಖಿತ ಉತ್ತರ ಬೇಕು. ‘ನಿಮ್ಮ ಅನುಭವ ನಮಗೆ ಮುಖ್ಯ’ ಎಂಬ ಸಿದ್ಧ ಇಮೇಲನ್ನು ಉತ್ತರವೆಂದು ಪರಿಗಣಿಸುವುದಿಲ್ಲ. ಉತ್ತರ ಬಾರದಿದ್ದರೆ ನಿಮ್ಮ ಇಮೇಲ್‌ಗಳು, ಜಾಹೀರಾತುಗಳು ಮತ್ತು ಪಾವತಿ ರಸೀದಿಗಳೊಂದಿಗೆ, ಸೇವಾ ನ್ಯೂನತೆ ಮತ್ತು ದಾರಿತಪ್ಪಿಸುವ ಜಾಹೀರಾತಿನ ಆಧಾರದ ಮೇಲೆ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸುತ್ತೇವೆ. ಮುಂದಿನ ಏಪ್ರಿಲ್‌ನ ಬುಕಿಂಗ್ ಈಗಲೂ ತೆರೆದೇ ಇದೆ. ಕನಿಷ್ಠ ಅದನ್ನಾದರೂ ಈ ವಾರವೇ ಮುಚ್ಚಿ.

ಇಂತಿ,
ಕಾರ್ಯಕ್ರಮದಲ್ಲಿ ಭಾಗವಹಿಸಿದ ಶಿಕ್ಷಕ-ಶಿಕ್ಷಕಿಯರ ಪರವಾಗಿ