ಆಲೆಮನೆಯ ಒಲೆಗೆ ಹಳೆಯ ಟೈರು

ಮಾನ್ಯ ಸಂಪಾದಕರೆ,

ಮಂಡ್ಯ ಸೀಮೆಯ ಕೆಲವು ಆಲೆಮನೆಗಳಲ್ಲಿ ಕಬ್ಬಿನ ಹಾಲು ಕಾಯಿಸಲು ಹಳೆಯ ಟೈರು ಉರಿಸುವ ಸುದ್ದಿ ಆಗಾಗ ಪತ್ರಿಕೆಗಳಲ್ಲಿ ಬರುತ್ತದೆ. ಅಧಿಕಾರಿಗಳು ಒಂದೆರಡು ಕಡೆ ದಾಳಿ ನಡೆಸುತ್ತಾರೆ, ಮಳೆಗಾಲ ಬಂದೊಡನೆ ಮತ್ತೆ ಯಥಾಪ್ರಕಾರ. ಮಳೆಗಾಲವೆಂದು ಬೇಕೆಂದೇ ಬರೆದಿದ್ದೇನೆ. ಗಾಣದಿಂದ ಬಿದ್ದ ರಚ್ಚು, ಅಂದರೆ ಹಾಲು ಹಿಂಡಿದ ಕಬ್ಬಿನ ಸಿಪ್ಪೆ, ಬಿಸಿಲಿಗೆ ಒಣಗಿದರಷ್ಟೇ ಕೊಪ್ಪರಿಗೆಗೆ ಬೇಕಾದ ಉರಿ ಕೊಡುತ್ತದೆ. ಮೋಡ ಮುಸುಕಿದ ದಿನಗಳಲ್ಲಿ, ಕಲ್ಲಿದ್ದಲಿಗೆ ಕಡಿಮೆಯಿಲ್ಲದ ಶಾಖವಿರುವ, ಅಗ್ಗಕ್ಕೆ ಸಿಗುವ ಟೈರಿನತ್ತ ಕೈ ಹೋಗುತ್ತದೆ.

ಟೈರೆಂದರೆ ಬರೀ ರಬ್ಬರಲ್ಲ. ಪೆಟ್ರೋಲಿಯಂನಿಂದ ತಯಾರಾದ ಕೃತಕ ರಬ್ಬರು, ಕಾರ್ಬನ್ ಬ್ಲ್ಯಾಕ್ ಎಂಬ ಮಸಿಪುಡಿ, ಗಂಧಕ, ಸತುವಿನ ಆಕ್ಸೈಡ್, ಉಕ್ಕಿನ ತಂತಿ ಎಲ್ಲವೂ ಅದರಲ್ಲಿವೆ. ಗಂಧಕ ಬೆರೆಸಿ ಬೇಯಿಸಿದ ರಬ್ಬರನ್ನು ಪ್ಲಾಸ್ಟಿಕ್‌ನಂತೆ ಕರಗಿಸಿ ಮತ್ತೆ ಅಚ್ಚಿಗೆ ಹೊಯ್ಯಲಾಗದು. ಹಳೆಯ ಟೈರು ತಲೆನೋವಾಗಿರುವುದೇ ಇದರಿಂದ. ಒಲೆಯಲ್ಲಿ ಉರಿದಾಗ ಗಂಧಕದ ಡೈಆಕ್ಸೈಡ್, ಬೆಂಜೀನ್ ಮತ್ತು ಕ್ಯಾನ್ಸರ್‌ಕಾರಕ ಮಸಿ ಹೊಗೆಯ ಜೊತೆ ಹೊರಡುತ್ತವೆ, ಸತು ಬೂದಿಯಲ್ಲೂ ಉಳಿಯುತ್ತದೆ. ಬೂದಿಗುಂಡಿಯ ಅಂಚಿನಲ್ಲಿ ಸಿಕ್ಕುಸಿಕ್ಕಾಗಿ ಬಿದ್ದ ತುಕ್ಕು ತಂತಿಯ ಸುರುಳಿ ಕಂಡರೆ, ಅಲ್ಲಿ ಏನು ಉರಿದಿದೆಯೆಂದು ಯಾರನ್ನೂ ಕೇಳಬೇಕಾಗಿಲ್ಲ. ಆ ಹೊಗೆಯನ್ನು ಎಲ್ಲರಿಗಿಂತ ಮೊದಲು ಕುಡಿಯುವವನು ಒಲೆಬಾಯಿಯ ಮುಂದೆ ಕುಳಿತು ಉರಿ ಹಾಕುವ ಕೂಲಿಯಾಳು. ಬೆಲ್ಲದ ಬಣ್ಣ ನೋಡಿ ಕೊಳ್ಳುವ ನಗರದ ಗ್ರಾಹಕನಿಗೆ ಅವನ ಕೆಮ್ಮು ಕೇಳಿಸುವುದಿಲ್ಲ.

ಕಾನೂನೇನೂ ಇಲ್ಲದಿಲ್ಲ. ಕೇಂದ್ರ ಪರಿಸರ ಸಚಿವಾಲಯ 2022ರ ಜುಲೈನಲ್ಲಿ ಹೊರಡಿಸಿದ ತಿದ್ದುಪಡಿ ನಿಯಮಗಳು ಬಳಸಿ ಬಿಟ್ಟ ಟೈರುಗಳ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೇ ಹೊರಿಸಿವೆ. ಆದರೆ ನೋಂದಾಯಿತ ಮರುಬಳಕೆ ಘಟಕಗಳಿಂದ, ಇಷ್ಟು ಟೈರು ಮರುಬಳಕೆಯಾಯಿತೆಂಬ ಪ್ರಮಾಣಪತ್ರ ಕೊಂಡರೆ ಕಂಪನಿಯ ಹೊಣೆ ಮುಗಿಯಿತು. ಘಟಕದ ಬಾಗಿಲು ಮುಟ್ಟಿದ ಟೈರು ಮಾತ್ರ ಲೆಕ್ಕಕ್ಕೆ ಸಿಗುತ್ತದೆ. ತಾಲ್ಲೂಕು ಕೇಂದ್ರದ ಪಂಕ್ಚರ್ ಅಂಗಡಿಯಿಂದ ಗೂಡ್ಸ್ ಆಟೊದಲ್ಲಿ ನೇರವಾಗಿ ಆಲೆಮನೆಗೆ ಹೋದದ್ದು ಯಾವ ಪೋರ್ಟಲ್‌ನಲ್ಲೂ ಕಾಣುವುದಿಲ್ಲ. ಘಟಕ ಸೇರಿದ್ದೆಲ್ಲ ನಿರಪಾಯವೆಂದೂ ಅಲ್ಲ, ಟೈರು ಕಾಯಿಸಿ ಎಣ್ಣೆ ತೆಗೆಯುವ ಪೈರಾಲಿಸಿಸ್ ಘಟಕಗಳ ಮಾಲಿನ್ಯ ಹಸಿರು ನ್ಯಾಯಮಂಡಳಿಯವರೆಗೂ ಹೋಗಿದೆ, ಆ ಮಾತು ಬೇರೆ.

ಬೆಲ್ಲದ ದರ ಕುಸಿದಾಗ ಮೊದಲೇ ಸೋತಿರುವ ಆಲೆಮನೆಯವರಿಗೆ ದಂಡ ಹಾಕುವುದರಿಂದಷ್ಟೇ ಇದು ನಿಲ್ಲದು. ಆಲೆಮನೆ ಕೊಡುವ ಬೆಲೆಗಿಂತ ಹೆಚ್ಚು ಕೊಟ್ಟು ಹಳೆಯ ಟೈರು ಕೊಳ್ಳುವ ಸಂಗ್ರಹಣಾ ಕೇಂದ್ರಗಳನ್ನು ತಯಾರಕರು ತಾಲ್ಲೂಕು ಮಟ್ಟದಲ್ಲಿ ತೆರೆಯುವಂತೆ ಮಾಲಿನ್ಯ ನಿಯಂತ್ರಣ ಮಂಡಳಿ ಒತ್ತಾಯಿಸಬೇಕು. ರಚ್ಚು ಒಣಗಿಸಿ ಕೂಡಿಡಲು ಚಾವಣಿಯುಳ್ಳ ಶೆಡ್ಡುಗಳಿಗೆ ಕೃಷಿ ಇಲಾಖೆ ಸಹಾಯಧನ ನೀಡಬೇಕು. ಇವೆರಡೂ ಮುಂದಿನ ಮುಂಗಾರಿಗೆ ಮೊದಲೇ ಆಗಬೇಕಾದ ಕೆಲಸಗಳು.

— ಒಬ್ಬ ಓದುಗ, ಮಂಡ್ಯ ಜಿಲ್ಲೆ